ಲಸಿಕೆ ಪಟ್ಟಿಯಲ್ಲಿ ಉಳಿದ ಒಂದು ಖಾಲಿ ಸಾಲು

ನಾ ಹೇಳುವುದು ಸುಳ್ಳು ಅನಿಸಿದವರು ಸೇಡಂ ಬಸ್ ನಿಲ್ದಾಣಕ್ಕೆ ಬಂದು, ನನ್ನ ಎದುರು ನಿಂತು ಸುಳ್ಳು ಅನ್ನಬೇಕು. ಇಲ್ಲಿಯವರೆಗೆ ಯಾರೂ ಬಂದಿಲ್ಲ. ಊರ ಗುಂಡುಕಲ್ಲನ್ನು ಒಂದೇ ಉಸಿರಿಗೆ ಹೆಗಲಿಗೇರಿಸಿದವನು ನಾನು. ಎದುರು ನಿಲ್ಲಲಿಕ್ಕೂ ಎದೆ ಬೇಕು.

ಕೆಲಸ ಏನೆಂದರೆ, ಅರವತ್ತು ದಾಟಿದವರಿಗೆ ಫ್ಲೂ ಜ್ವರದ ಲಸಿಕೆ ಹಾಕಿ, ಅದು ಎಷ್ಟು ಕೆಲಸ ಮಾಡುತ್ತದೆ, ತೊಂದರೆ ಏನಾದರೂ ಕೊಡುತ್ತದೆಯೇ, ಮನೆಯವರಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಒಂದು ಸಂಶೋಧನೆ ನಡೆದಿತ್ತು. ಸಿಸ್ಟರ್ ಚುಚ್ಚುವುದು, ನಾನು ಆಮೇಲೆ ಮನೆಮನೆಗೆ ಹೋಗಿ ಕೇಳುವುದು, ನಾ ಬರೆದದ್ದನ್ನು ಓದಿ ಡಾಕ್ಟರ್ ಮೇಡಂ ತಲೆ ಹಿಡಿದುಕೊಳ್ಳುವುದು. ಪ್ರಸಂಗ ನಡೆಯದ ದಿನ ಇತ್ತೆಂದರೆ ಅವತ್ತು ನಾನು ರಜೆ ಎಂದೇ ಅರ್ಥ.

ಆಫೀಸಿಗೆ ಒಂದು ಮೋಟಾರ್‌ಸೈಕಲ್ಲಿತ್ತು. ಲಸಿಕೆಯ ಐಸ್ ಪೆಟ್ಟಿಗೆ ಕಟ್ಟಿಕೊಂಡು ಸಿಸ್ಟರ್ ಓಡಿಸುತ್ತಿದ್ದರು, ನಾನು ಬಸ್ಸಿಗೆ. ಲಸಿಕೆ ಹಾಕಿಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಒಂದು ಸಾಲೂ ಖಾಲಿ ಉಳಿಯದಂತೆ ತಂದುಕೊಟ್ಟರೆ ಸೂಪರ್‌ವೈಸರ್ ಮಾಡಿ ಗಾಡಿ ನಿನಗೇ ಕೊಡುತ್ತೇನೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಅವತ್ತು ಸಂಜೆಯೇ ನಾನು ಊರಲ್ಲೆಲ್ಲ ಗಾಡಿ ಬಂತು ಅಂದೆ. ಅವ್ವ ಅದಕ್ಕೆ ಕಟ್ಟಲಿಕ್ಕೆ ಲಿಂಬಿಹಣ್ಣು ಮೆಣಸಿನಕಾಯಿ ಪೋಣಿಸಿದಳು. ಅವು ಒಣಗಿದವು. ಮತ್ತೆ ಪೋಣಿಸಿದಳು.

ಪಟ್ಟಿಯ ಕೊನೆಯ ಹಾಳೆಯಲ್ಲಿ ನಮ್ಮ ಹೆಸರೂ ಇದ್ದವು, ಕೆಲಸದವರೂ ಲಸಿಕೆ ಹಾಕಿಸಿಕೊಳ್ಳಬೇಕಂತ. ಸಿಸ್ಟರ್ ದಿನಾ ಕೇಳುತ್ತಿದ್ದರು, ನಾನು ದಿನಾ ನಾಳೆ ಅನ್ನುತ್ತಿದ್ದೆ. ಹೆದರಿಕೆ ಅಲ್ಲ. ಟೈಮ್ ಸಿಗುತ್ತಿರಲಿಲ್ಲ.

ರಾವೂರದ ಹಳದಿ ಕಾರ್ಡು

ಲಸಿಕೆ ಹಾಕಿಸಿಕೊಂಡವರಿಗೆಲ್ಲ ಒಂದು ಹಳದಿ ಕಾರ್ಡು ಕೊಡುತ್ತಿದ್ದೆವು. ಏಳು ದಿನ ಜ್ವರ, ನೋವು, ಬಾವು ಏನಾದರೂ ಬಂದರೆ ಅದರಲ್ಲಿ ಬರೆಯಬೇಕು. ರಾವೂರದಲ್ಲಿ ಕಲ್ಲಿನ ಗಣಿಯಲ್ಲಿ ದುಡಿದು ಬಿಟ್ಟ ಒಬ್ಬ ಅಜ್ಜ ಇದ್ದ, ನಮ್ಮ ಕಡೆ ಮುತ್ಯಾ ಅನ್ನುತ್ತೇವೆ. ಲಸಿಕೆ ಆದ ಮೇಲೆ ಏನೇನು ಆಗುತ್ತದೆ ಎಲ್ಲಾ ಬರಿ, ಒಂದೂ ಬಿಡಬೇಡ ಎಂದು ನಾನೇ ಒತ್ತಿ ಹೇಳಿದ್ದೆ.

ಎಂಟನೇ ದಿನ ಹೋದರೆ ಕಾರ್ಡಿನ ಎರಡೂ ಬದಿ ತುಂಬಿತ್ತು. ಮೊದಲ ದಿನ: ತೋಳು ನೋವು. ಎರಡನೇ ದಿನ: ನೋವು ಅದ, ಎಮ್ಮೆ ಹಾಲು ಕೊಟ್ಟಿಲ್ಲ. ಮೂರನೇ ದಿನ: ನೋವು ಹೋಯ್ತು, ಅಳಿಯ ಬಂದ. ನಾಲ್ಕನೇ ದಿನ: ಅಳಿಯ ಇದ್ದಾನ. ಐದನೇ ದಿನ: ಅಳಿಯ ಇದ್ದಾನ, ಕೋಳಿ ಹೋಯ್ತು. ಆರು, ಏಳು: ಅಳಿಯ ಇದ್ದಾನ.

ಕಾರ್ಡಿನಿಂದ ಅಳಿಯನನ್ನು ತೆಗೆಯಬೇಕಾಗುತ್ತದೆ ಎಂದೆ. ಮುತ್ಯಾ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದ.

"ತೋಳಿನ ನೋವು ಎರಡ ದಿನಕ್ಕ ಹೋಯ್ತು ತಮ್ಮಾ. ಇಂವ ಇನ್ನಾ ಒಳಗ ಮಲಗ್ಯಾನ. ತೆಗೀಲಿಕ್ಕ ಆಗ್ತದಂದ್ರ ತೆಗಿ."

ಶಹಾಬಾದದ ಖರ್ಚು

ಶಹಾಬಾದದಲ್ಲಿ ಬಳೆ ಅಂಗಡಿಯ ಖಾಲಾ, ಊರಿಗೆಲ್ಲ ಚಿಕ್ಕಮ್ಮ, ಅವಳಿಗೆ ಖರ್ಚಿನ ಪ್ರಶ್ನೆ ಕೇಳಿದೆ. ಲಸಿಕೆ ಪುಕ್ಕಟೆ. ಆದರೆ ಒಬ್ಬಳೇ ಹೇಗೆ ಹೋಗುವುದೆಂದು ಅಕ್ಕನನ್ನು ಕರೆದಿದ್ದಳು. ಅಕ್ಕ ತನ್ನ ಬಾಜೂಮನಿಯವಳಿಲ್ಲದೆ ಎಲ್ಲಿಗೂ ಹೋಗುವವಳಲ್ಲ. ಮೂವರೂ ಆಟೋದಲ್ಲಿ ಹೋದರು. ಹೋದದ್ದೇ ಹೋಗಿದ್ದೇವೆ ಎಂದು ಮಿರ್ಚಿ ಭಜಿ ತಿಂದರು. ತಿಂದದ್ದೇ ತಿಂದಿದ್ದೇವೆ ಎಂದು ಬಟ್ಟೆ ಅಂಗಡಿ ಹೊಕ್ಕರು. ಎಲ್ಲ ಬರೆದುಕೊಂಡೆ.

ಇನ್ನೊಂದು ಪ್ರಶ್ನೆ ಇತ್ತು. ಲಸಿಕೆ ಹಾಕಿಸದೆ ಜ್ವರ ಬಂದಿದ್ದರೆ ಎಷ್ಟು ಖರ್ಚಾಗುತ್ತಿತ್ತು?

"ಏನ್ ಖರ್ಚು ಬೇಟಾ? ಮನ್ಯಾಗ ಮಲಕೋತಿದ್ದೆ. ಅಕ್ಕ ತಾನಾಗೇ ಬರ್ತಿದ್ಲು, ಬ್ರೆಡ್ ಸುದ್ದಾ ಅಕೀನ ತರ್ತಿದ್ಲು."

ನನ್ನ ಫಾರ್ಮಿನ ಪ್ರಕಾರ ಜ್ವರ ಲಾಭದಲ್ಲಿತ್ತು. ಮೇಡಂ ಮೂರು ಸಲ ಓದಿ, ಈ ಹಾಳೆ ಹೊರಗೆ ಎಲ್ಲೂ ತೋರಿಸಬೇಡ ಅಂದರು.

ಮುಧೋಳದ ಆಯಿ

ಲಸಿಕೆ ಕೆಲಸ ಮಾಡಿತೋ ಇಲ್ಲವೋ ಎಂದು ಕೇಳುವುದು ಎಲ್ಲಕ್ಕಿಂತ ಕಷ್ಟ. ನಮ್ಮ ಸೇಡಂ ಕಡೆಯ ಮುಧೋಳದಲ್ಲಿ ಒಬ್ಬ ಅಜ್ಜಿ, ಊರೆಲ್ಲ ಆಯಿ ಅನ್ನುವವಳು. ಜ್ವರ ಬಂತೇನು ಅಂದೆ, ಇಲ್ಲ. ನೆಗಡಿ? ಇಲ್ಲ. ಹಾಗಾದರೆ ಲಸಿಕೆ ಕೆಲಸ ಮಾಡಿದೆ ಎಂದು ಗುರುತು ಹಾಕಲು ಹೋದೆ. ಆಯಿ ನನ್ನ ಪೆನ್ನು ಹಿಡಿದಳು. ಬಾಜೂಮನಿ ಮುದುಕಿ ಹಾಕಿಸಿಕೊಂಡೇ ಇಲ್ಲ, ಅವಳಿಗೂ ಏನೂ ಬಂದಿಲ್ಲ, ಅವಳಿಗೆ ಏನು ಕೆಲಸ ಮಾಡಿತು ಎಂದು ಕೇಳಿದಳು. ನಾನು ಫಾರ್ಮಿನ ಹಾಳೆ ತಿರುವಿದೆ. ಗೊತ್ತಿಲ್ಲದೆ ಅಲ್ಲ, ಹಿರಿಯರ ಮುಂದೆ ವಾದ ಮಾಡಬಾರದೆಂದು.

"ನಾ ಮಾಡ್ದೆ" ಅಂದಳು ಆಯಿ. "ಅಕಿ ದಿನಾ ಬಂದು ನನ್ನ ಮಗ್ಗಲಕ್ಕ ಕುಂದರ್ತಾಳ. ನನಗ ಬಂದಿದ್ರ ಅಕಿಗೂ ಕೊಡ್ತಿದ್ದೆ. ನನಗ ಬರಲಿಲ್ಲ, ಅಕಿಗೂ ಹತ್ತಲಿಲ್ಲ. ಬರಕೋ."

ನಗಿಸಬೇಕೆಂದು ಇದನ್ನು ಮೇಡಂಗೆ ಹೇಳಿದೆ. ಅವರು ನಗಲಿಲ್ಲ. ಇದನ್ನೇ ನಿನಗೆ ಎರಡು ದಿನ ಚಿತ್ರ ಬರೆದು ಹೇಳಿದೆನಲ್ಲ ಅಂದರು. ಆಮೇಲೆ, ಆ ಆಯಿಗೆ ಕೆಲಸ ಬೇಕೇನು ಕೇಳಿಕೊಂಡು ಬಾ ಅಂದರು.

ನಾನು ಕೇಳಲಿಲ್ಲ. ಗಾಡಿ ಇದ್ದದ್ದು ಒಂದೇ.

ಚಿಮ್ಮನಚೋಡದ ವಸ್ತಾದ

ಚಿತ್ತಾಪುರ ಮುಗಿಯಿತು, ವಾಡಿ ಮುಗಿಯಿತು. ಹಳ್ಳಿಗಳ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು, ಚಿಂಚೋಳಿ ಕಡೆಯ ಚಿಮ್ಮನಚೋಡದಲ್ಲಿ. ಗರಡಿಯಲ್ಲಿ ಕುಸ್ತಿ ಕಲಿಸುವ ಮುದುಕ ವಸ್ತಾದ. ಬೇಡ ಅನ್ನಲೂ ಇಲ್ಲ, ತೋಳು ಕೊಡಲೂ ಇಲ್ಲ, ಸಿಸ್ಟರ್ ಬಂದಾಗಲೆಲ್ಲ ಹೊಲಕ್ಕೆ ಹೋಗಿರುತ್ತಿದ್ದ. ಅವತ್ತು ಬಸ್ ಹತ್ತುವ ಮೊದಲೇ ಅವ್ವನಿಗೆ ಹೇಳಿದೆ, ಸಂಜೆ ಗಾಡಿ ಮೇಲೆಯೇ ಬರುತ್ತೇನೆ ಎಂದು.

ಸಿಸ್ಟರ್ ಮೊದಲೇ ಗಾಡಿ ಮೇಲೆ ಬಂದಿದ್ದರು; ಗರಡಿಯ ಕಟ್ಟೆಯ ಮೇಲೆಯೇ ವಸ್ತಾದ ಸಿಕ್ಕ. ನಾನು ನನ್ನ ಗುಂಡುಕಲ್ಲಿನ ಕಥೆ ಹೇಳಿ, ಅಂಥ ಕಲ್ಲು ಎತ್ತಿದವನೇ ಹೇಳುತ್ತಿದ್ದೇನೆ, ಇರುವೆ ಕಚ್ಚಿದಷ್ಟೂ ಇಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡು ವಸ್ತಾದ ಕೇಳಿದ, "ನೀ ಹಾಕಿಸ್ಕೊಂಡೀ?"

ನಾಳೆ ಅಂದೆ.

"ಈ ಗರಡ್ಯಾಗ ಒಂದ ಕಾಯ್ದೆ ಅದ. ವಸ್ತಾದ ತಾ ಎತ್ತಿ ತೋರಿಸದ ಕಲ್ಲು ಚೇಲಾಗ ಎತ್ತು ಅನ್ನಂಗಿಲ್ಲ. ಇವತ್ತ ನೀ ವಸ್ತಾದ. ತೋರಸು."

ಸಿಸ್ಟರ್ ಕೊನೆಯ ಹಾಳೆ ತೆಗೆದು ನನ್ನ ಹೆಸರಿನ ಮುಂದಿನ ಖಾಲಿ ಜಾಗ ತೋರಿಸಿದರು. ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಒಮ್ಮೆ ಅದನ್ನು ನೋಡಿದೆ, ಅಂಗಿಯ ತೋಳು ಮೇಲೇರಿಸಿದೆ.

ನಾನು ಬಿದ್ದೆ ಅನ್ನುವುದು ತಪ್ಪು. ಕುಂತಲ್ಲೇ ಒರಗಿದೆ. ಮುಂಜಾನೆ ತಿಂದದ್ದು ಬರೀ ನಾಲ್ಕು ರೊಟ್ಟಿ. ಕಣ್ಣು ಬಿಟ್ಟಾಗ ವಸ್ತಾದ ತನ್ನ ರುಮಾಲಿನಿಂದ ಗಾಳಿ ಹಾಕುತ್ತಿದ್ದ, ಸಿಸ್ಟರ್ ಮೇಡಂಗೆ ಫೋನ್ ಹಚ್ಚಿದ್ದರು. ಯಾರಾದರೂ ಬಿದ್ದರೆ ಕೂಡಲೇ ತಿಳಿಸಬೇಕೆಂಬ ನಿಯಮ. ಮೇಡಂ ಗಾಬರಿಯಿಂದ, ಚುಚ್ಚಿ ಎಷ್ಟು ನಿಮಿಷಕ್ಕೆ ಹೀಗಾಯಿತು ಎಂದು ಕೇಳುತ್ತಿದ್ದರು. ವಸ್ತಾದ ಫೋನಿಗೆ ಬಾಯಿ ಹಚ್ಚಿ ಸಾಕ್ಷಿ ಹೇಳಿದ.

"ಚುಚ್ಚೇ ಇಲ್ರೀ. ಸೂಜಿ ಇನ್ನಾ ಪೆಟ್ಟಿಗ್ಯಾಗ ಅದ. ಪೆಟ್ಟಿಗಿ ಮುಚ್ಚಳ ತೆಗಿಯೋದು ನೋಡೇ ಇಂವ ಮಲಕೊಂಡ."

ಹಾಗಾದರೆ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಳ್ಳಿ ಅಂದರು ಮೇಡಂ.

ಸುಧಾರಿಸಿಕೊಂಡ ಮೇಲೆ ನಾನೇ ಹಾಕಿ ಅಂದೆ. ನನ್ನನ್ನು ಮಲಗಿಸಿ, ಕಾಲು ಎತ್ತರಕ್ಕಿರಲೆಂದು ಗರಡಿಯ ಗುಂಡುಕಲ್ಲಿನ ಮೇಲೆ ಇಡಿಸಿ, ಚುಚ್ಚಿದರು. ವಸ್ತಾದ ನಿಂತೇ ಹಾಕಿಸಿಕೊಂಡ. ಇರುವೆ ಕಚ್ಚಿದಷ್ಟೂ ಇಲ್ಲ ಎಂದು ನನಗೇ ಹೇಳಿದ.

ಪಟ್ಟಿ ತುಂಬಿತು. ಮೇಡಂ ಮಾತಿಗೆ ತಪ್ಪಲಿಲ್ಲ, ಗಾಡಿ ನಿನ್ನದೇ ಅಂದರು. ಆದರೆ ಎಚ್ಚರ ತಪ್ಪಿದವನು ಅವತ್ತು ಗಾಡಿ ಓಡಿಸಕೂಡದಂತೆ. ಕೀಲಿ ಸಿಸ್ಟರ್ ಕೈಯಲ್ಲೇ ಉಳಿಯಿತು.

ನಮ್ಮೂರ ಅಗಸಿ ಬಾಗಿಲಲ್ಲಿ ಅವ್ವ ಹೊಸ ಲಿಂಬಿಹಣ್ಣು ಹಿಡಿದು ನಿಂತಿದ್ದಳು, ಅವಳ ಹಿಂದೆ ಅರ್ಧ ಊರು. ಹೇಳಿದಂತೆ ಗಾಡಿ ಮೇಲೆಯೇ ಬಂದೆ. ನನಗೆ ಕೊಟ್ಟದ್ದು ಹಿಂದಿನ ಸೀಟು, ತೊಡೆಯ ಮೇಲೆ ಐಸ್ ಪೆಟ್ಟಿಗೆ, ಕೈಯಲ್ಲಿ ಒಂದು ಹಳದಿ ಕಾರ್ಡು.