ಭಾವನ ತ್ರಾಸ ಮೆಟಲ್

ನನ್ನ ಭಾವನಷ್ಟು ಮೆಲ್ಲಗೆ ಮಾತಾಡುವ ಮನುಷ್ಯ ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಅವನಷ್ಟು ಗದ್ದಲ ಎಬ್ಬಿಸಿದವನೂ ಇನ್ನೊಬ್ಬನಿಲ್ಲ! ಸಹಕಾರಿ ಸಂಘದ ಕೌಂಟರಿನಲ್ಲಿ ಕುಳಿತು ಅವನು "ಇಲ್ಲಿ ಒಂದು ಸೈನ್ ಹಾಕಿ" ಎಂದರೆ, ಎದುರಿಗಿದ್ದವರು ಜಾಲರಿಗೆ ಕಿವಿ ಒತ್ತಿ "ಎಂತ ಹೇಳಿದ್ದು?" ಎಂದು ಎರಡು ಸಲ ಕೇಳಬೇಕು. ಅದೇ ಮನುಷ್ಯನ ಕೈಗೆ ಸಂಜೆ ಎರಡು ಕೋಲು ಸಿಕ್ಕಿದರೆ, ಹೊಳೆಯಾಚೆಯ ಪಾಣೆಮಂಗಳೂರಿನವರೂ ಕಿವಿ ಮುಚ್ಚಿಕೊಳ್ಳಬೇಕು. ಅವನು ತ್ರಾಶ್ ಮೆಟಲ್ ಡ್ರಮ್ಮರ್. ಹಾಗೆಂದರೇನು ಎಂದು ಕೇಳುತ್ತೀರಾ? ನಾನೂ ಬಹಳ ವರ್ಷ ಕೇಳಿದೆ. ಕೈಕಾಲು ನಾಲ್ಕಕ್ಕೂ ಹುಚ್ಚು ಹಿಡಿದ ವೇಗದ ಸಂಗೀತ ಎಂಬುದಷ್ಟೇ ನನಗೆ ತಿಳಿದದ್ದು. ನಮ್ಮೂರಿನವರ ನಾಲಿಗೆಯಲ್ಲಿ 'ತ್ರಾಶ್' ನಿಲ್ಲಲಿಲ್ಲ, 'ತ್ರಾಸ' ಆಯಿತು. ಅರ್ಥವೇನೂ ಕೆಡಲಿಲ್ಲ ಅನ್ನಿ!

ಇವನು ನನ್ನ ಹೆಂಡತಿಯ ತಮ್ಮ. ನಮ್ಮಲ್ಲಿ ಅವನಿಗೆ ನಾನು ಭಾವ, ನನಗೆ ಅವನೂ ಭಾವ. ಪರಸ್ಪರ ತಮಾಷೆ ಮಾಡಲು ಮದುವೆಯ ದಿನದಿಂದಲೇ ಲೈಸನ್ಸ್ ಸಿಕ್ಕಿದ ಸಂಬಂಧ ಇದು. ನಾನು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ಅವನಿಗಿದ್ದ ಆಸೆಯಾದರೂ ಎಷ್ಟು? ನಮ್ಮ ಜನರ ಎದುರು, ಒಂದು ವೇದಿಕೆಯ ಮೇಲೆ, ಒಂದೇ ಒಂದು ಹಾಡನ್ನು ಮೊದಲಿನಿಂದ ಕೊನೆಯ ತನಕ ಬಾರಿಸಿ ಮುಗಿಸಬೇಕು. ಅಷ್ಟೇ. ಅದಕ್ಕೆ ಹದಿನೈದು ವರ್ಷ ಹಿಡಿಯಿತು.

ಶುರುವಾದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಒಂದು ಕ್ಯಾಸೆಟ್ಟಿನಿಂದ. ಪಕ್ಕದ ಮನೆಯ ಬ್ಯಾರಿ ಹಾಜಿಯವರ ಮಗ ಗಲ್ಫಿನಿಂದ ರಜೆಗೆ ಬಂದವನು ಅದನ್ನು ಭಾವನಿಗೆ ಕೊಟ್ಟು ಹೋದ. ಟೇಪ್ ರೆಕಾರ್ಡರಿಗೆ ಹಾಕಿದ್ದೇ ತಡ, ಅತ್ತೆ ಒಳಗಿನಿಂದ ಓಡಿ ಬಂದರು. "ಬಂದ್ ಮಾಡು ಮಾರಾಯ, ರೀಲು ಸಿಕ್ಕಿಹಾಕಿಕೊಂಡಿದೆ!"

"ಇಲ್ಲ ಅಮ್ಮ, ಇದು ಹೀಗೇ ಉಂಟು," ಎಂದ ಭಾವ. ಮರುದಿನದಿಂದಲೇ ಗಲ್ಫಿನ ಹಾಲಿನ ಪುಡಿಯ ಡಬ್ಬಗಳು ಸಾಲಾಗಿ ಜಗಲಿಗೆ ಬಂದವು. ದೊಡ್ಡ ಡಬ್ಬ, ಸಣ್ಣ ಡಬ್ಬ, ನಡುವೆ ಒಂದು ಡಾಲ್ಡಾ ಡಬ್ಬ. ಇದು ಮೊದಲನೆಯ ಸೆಟ್.

ಕೈಗೇನೋ ಡಬ್ಬ ಸಿಕ್ಕಿತು. ಆದರೆ ಈ ಸಂಗೀತದಲ್ಲಿ ಕಾಲಿಗೇ ಹೆಚ್ಚು ಕೆಲಸವಂತೆ! ಅತ್ತೆ ಬ್ಲೌಸ್ ಹೊಲಿಯುವವರು. ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ಭಾವ ಮೆಷಿನಿನ ಬೆಲ್ಟ್ ಕಳಚಿ, ಪೆಡಲಿನ ಮೇಲೆ ಎರಡೂ ಕಾಲಿಟ್ಟು ಅಭ್ಯಾಸ ಮಾಡುತ್ತಿದ್ದ. ಒಂದು ದಿನ ಬೆಲ್ಟ್ ಕಳಚಲು ಮರೆತ. ಸೂಜಿಯ ಕೆಳಗೆ ಟೀಚರೊಬ್ಬರ ರೇಷ್ಮೆ ಬ್ಲೌಸಿನ ತೋಳಿತ್ತು. ಕಣ್ಣು ಮುಚ್ಚಿ ಕಾಲು ಓಡಿಸಿದವನು ಕಣ್ಣು ಬಿಟ್ಟು ನೋಡಿದರೆ, ಕೈ ತೂರಿಸುವ ಬಾಯಿಯೇ ಮುಚ್ಚಿಹೋಗಿದೆ! ಅತ್ತೆ ಬಂದು ಬ್ಲೌಸನ್ನು ಬೆಳಕಿಗೆ ಹಿಡಿದರು, ಎಳೆದರು, ಇನ್ನೊಮ್ಮೆ ಎಳೆದರು. "ಹೊಲಿಗೆ ಮಾತ್ರ ಭಾರೀ ಗಟ್ಟಿ ಹಾಕಿದ್ದಾನೆ," ಎಂದರು. ನನ್ನ ತಿಳಿವಳಿಕೆಯಲ್ಲಿ ಅವನಿಗೆ ಸಿಕ್ಕಿದ ಮೊದಲ ಮೆಚ್ಚುಗೆ ಇದು.

ಮುಂದೆ ಮೂಡುಬಿದಿರೆಯ ಬ್ಯಾಂಡ್‌ಸೆಟ್ಟಿನವರೊಬ್ಬರು ಒಡೆದ ಡ್ರಮ್ಮುಗಳನ್ನು ಎಸೆಯಲು ಹೊರಟಾಗ ಇವನು ಬಸ್ಸಿನ ಟಾಪಿಗೆ ಹಾಕಿ ತಂದ. ಹರಿದ ಚರ್ಮದ ಜಾಗಕ್ಕೆ ಎಕ್ಸ್‌ರೇ ಫಿಲ್ಮ್ ಬಿಗಿದರೆ ಒಳ್ಳೆಯ ನಾದ ಬರುತ್ತದೆಂದು ಎಲ್ಲಿಂದಲೋ ತಿಳಿದುಕೊಂಡಿದ್ದ. ಊರಿನಲ್ಲಿ ಯಾರಿಗೆ ಮೂಳೆ ಮುರಿದರೂ ಮೊದಲು ಕ್ಷೇಮ ವಿಚಾರಿಸುವವನು ಇವನೇ! ನನಗೊಮ್ಮೆ ಕೆಮ್ಮು ಬಿಡದೆ ಮಂಗಳೂರಿನ ಡಾಕ್ಟರಲ್ಲಿಗೆ ಹೋದೆ. "ಹಿಂದಿನ ಎಕ್ಸ್‌ರೇ ಎಲ್ಲಿ?" ಎಂದು ಕೇಳಿದರು. ಏನು ಹೇಳಲಿ? "ಭಾವನ ಡ್ರಮ್ಮಿನಲ್ಲಿ ಉಂಟು ಡಾಕ್ಟ್ರೇ," ಎಂದೆ. ನನ್ನ ಎದೆಗೂಡಿನ ಮೇಲೆ ಅವನು ಪ್ರತಿ ಸಂಜೆ ಬಡಿಯುತ್ತಿದ್ದ. ಕೆಮ್ಮು ಬಿಡದಿದ್ದರೆ ಅದರಲ್ಲಿ ಆಶ್ಚರ್ಯವೇನು!

ಈ ಸೆಟ್ಟಿನೊಂದಿಗೆ, ಇಬ್ಬರು ಗಿಟಾರಿನವರನ್ನು ಕಟ್ಟಿಕೊಂಡು, ಅವನು ಮೊದಲ ಸಲ ವೇದಿಕೆ ಹತ್ತಿದ್ದು ಬಿ.ಸಿ.ರೋಡಿನ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ. ಕಾರ್ಯದರ್ಶಿ ನಾನೇ. ಶುರುವಾಗಿ ಅರ್ಧ ನಿಮಿಷದಲ್ಲಿ ಅಧ್ಯಕ್ಷರು ನನ್ನ ಕಡೆ ನೋಡಿದರು, ನಾನು ಎಲೆಕ್ಟ್ರಿಷಿಯನ್ ಕಡೆ ನೋಡಿದೆ, ಅವನು ಫ್ಯೂಸ್ ಕಿತ್ತ. ಗಿಟಾರುಗಳು ಸತ್ತವು. ಆದರೆ ಡ್ರಮ್ಮಿಗೆ ಕರೆಂಟು ಬೇಡವೆಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ! ಭಾವ ಒಬ್ಬನೇ ಬಾರಿಸುತ್ತಲೇ ಇದ್ದ. ಕೊನೆಗೆ ಅಧ್ಯಕ್ಷರೇ ವೇದಿಕೆ ಹತ್ತಿ ಡ್ರಮ್ಮಿನ ಮೇಲೆ ಕೈಯಿಟ್ಟು ನಿಂತರು. ಮನೆಗೆ ಬರುವಾಗ ಭಾವ ಮೆಲ್ಲಗೆ ಕೇಳಿದ್ದಿಷ್ಟೇ: "ಹಾಡು ಆರು ನಿಮಿಷದ್ದು ಭಾವ. ನಿಮಗೆ ಆರು ನಿಮಿಷ ಅರ್ಜೆಂಟ್ ಎಂತ ಇತ್ತು?"

ಬೆಳ್ತಂಗಡಿಯವರು ನಮಗಿಂತ ನಾಜೂಕು. ಅಲ್ಲಿನ ಒಂದು ಸಮಾರಂಭದಲ್ಲಿ ಫ್ಯೂಸ್ ಮುಟ್ಟಲೇ ಇಲ್ಲ. ಎರಡನೆಯ ನಿಮಿಷಕ್ಕೆ ನಿರೂಪಕರು ಮೈಕು ಹಿಡಿದು "ಸೊಗಸಾದ ಕಾರ್ಯಕ್ರಮ ನಡೆಸಿಕೊಟ್ಟ ಕಲಾವಿದರಿಗೆ ಈಗ ಗೌರವಾರ್ಪಣೆ" ಎಂದರು. ಭಾವ ಬಾರಿಸುತ್ತಿದ್ದಂತೆಯೇ ಗಣ್ಯರು ಹಿಂದಿನಿಂದ ಬಂದು ಶಾಲು ಹೊದೆಸಿ, ಎದುರಿಗೆ ಎಳೆದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು! ಕೈಗೆ ಶಾಲು, ಕಾಲಿಗೆ ಬುಟ್ಟಿ. ಇನ್ನು ಬಾರಿಸುವುದು ಯಾವುದರಲ್ಲಿ? ಪಕ್ಕದಲ್ಲಿದ್ದ ನನ್ನ ಹೆಂಡತಿ "ಸನ್ಮಾನ ಮಾಡಿ ಕಟ್ಟಿಹಾಕಿದರಲ್ಲ ನನ್ನ ತಮ್ಮನನ್ನು!" ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಕುಗ್ಗಿದನೇ? ಸೈಕಲ್ ರಿಪೇರಿಯವನ ಅಂಗಡಿಯಲ್ಲಿ ಕುಳಿತು ಎರಡು ಚೈನು, ಎರಡು ಸ್ಪ್ರಿಂಗು ಸೇರಿಸಿ, ದೊಡ್ಡ ಡ್ರಮ್ಮನ್ನು ಎರಡೂ ಕಾಲಿನಿಂದ ಬಡಿಯುವ ಡಬಲ್ ಪೆಡಲ್ ಮಾಡಿಸಿದ. ಒಂದು ಹಳೆ ಟೆಂಪೋ ಹಿಡಿದು ಅದರ ಹಿಂದೆ 'ಗುಡುಗು ತ್ರಾಸ್ ಮೆಟಲ್, ಬಂಟ್ವಾಳ' ಎಂದು ಬರೆಸಿ, ಕೆಳಗೆ ಫೋನ್ ನಂಬರ್ ಹಾಕಿಸಿದ. 'ತ್ರಾಸ್' ಪೈಂಟರನ ಕೊಡುಗೆ. ಆದರೆ ಫಜೀತಿ ಮಾಡಿದ್ದು ಆ ಪದವಲ್ಲ, ಪಕ್ಕದ್ದು. ನಮ್ಮ ಕಂಟ್ರಾಕ್ಟರುಗಳಿಗೆ ಮೆಟಲ್ ಎಂದರೆ ಜಲ್ಲಿಕಲ್ಲು! ಕೊಕ್ಕಡದಿಂದ ಒಬ್ಬರ ಫೋನ್ ಬಂದಾಗ ನಾನು ಅಲ್ಲೇ ಇದ್ದೆ.

"ಮೆಟಲ್ ಉಂಟಾ ಮಾರ್ರೆ?"

"ಉಂಟು ಉಂಟು," ಎಂದ ಭಾವ. ಜನ್ಮದಲ್ಲಿ ಮೊದಲ ಸಲ ದೊಡ್ಡ ದನಿಯಲ್ಲಿ.

"ಎಷ್ಟು ಲೋಡ್?"

"ಒಂದು ಟೆಂಪೋ ತುಂಬ."

"ಸೈಜ್ ಎಷ್ಟರದ್ದು?"

"ದೊಡ್ಡದು ಇಪ್ಪತ್ತೆರಡು ಇಂಚು," ಎಂದು ಭಾವ ಡ್ರಮ್ಮಿನ ಅಗಲ ಹೇಳಿದ.

"ಅಷ್ಟು ದಪ್ಪದ್ದು ಯಾರಿಗೆ ಮಾರಾಯ್ರೆ! ನಮಗೆ ಸ್ಲ್ಯಾಬಿಗೆ. ಮುಕ್ಕಾಲು ಇಂಚು ಸಾಕು."

ಸ್ಲ್ಯಾಬ್ ಎಂದರೆ ಯಾವುದೋ ದೊಡ್ಡ ಸ್ಟೇಜೆಂದು ಭಾವ ತಿಳಿದ. ಮುಕ್ಕಾಲು ಇಂಚು ಕೋಲಿನ ದಪ್ಪವೆಂದು ತಿಳಿದ. ಮರುದಿನ ಟೆಂಪೋ ಸಮೇತ ಕೊಕ್ಕಡಕ್ಕೆ ಹೋದರೆ ಮನೆ ಕಟ್ಟುವ ಜಾಗ! ಕಂಟ್ರಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಕೆಲಸದವರು ಮಾತ್ರ "ಬಂದದ್ದು ಬಂದಿರಿ, ಒಂದು ಬಾರಿಸಿ ನೋಡುವ" ಎಂದರು. ಭಾವ ಅಲ್ಲೇ ಡ್ರಮ್ಮು ಜೋಡಿಸಿ ಬಾರಿಸಿದ. ಕಾಂಕ್ರೀಟ್ ಮಿಕ್ಸರಿನ ಪಕ್ಕ ಜೀವನ ಕಳೆದವರಿಗೆ ಅದು ಗದ್ದಲವೆಂದು ಅನ್ನಿಸಲೇ ಇಲ್ಲ. ತಲೆಯಾಡಿಸುತ್ತಾ ಮೂರು ನಿಮಿಷ ಕೇಳಿದರು. ಅಷ್ಟರಲ್ಲಿ ಎಲ್ಲಿಂದಲೋ ನಿಜವಾದ ಜಲ್ಲಿಯ ಲಾರಿ ಬಂತು. ಎಲ್ಲರೂ ಇಳಿಸಲು ಎದ್ದರು. ಹಾಡು ಮತ್ತೆ ಅರ್ಧಕ್ಕೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾಜಿಯವರ ಮಗ ಗಲ್ಫಿನಿಂದ ಅಸಲಿ ಡಬಲ್ ಪೆಡಲ್ ತಂದುಕೊಟ್ಟ. ಕಂಚಿನ ತಟ್ಟೆಯಂಥ ಸಿಂಬಲ್‌ಗಳು, ಒಂದಕ್ಕಿಂತ ಒಂದು ದೊಡ್ಡವು, ಒಂದೊಂದಾಗಿ ಬಂದವು. ಸಂಬಳದವನು, ಮದುವೆಯಾದವನು, ತಲೆ ನರೆಯತೊಡಗಿದವನು, ಆದರೂ ಅಭ್ಯಾಸ ಒಂದು ದಿನ ತಪ್ಪಿಸಲಿಲ್ಲ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಯಾಕೆ ಮುಚ್ಚಿಡಲಿ? ನಾನು ವೀಣೆ ಕಲಿಯಲು ಹೊರಟು ಮೂರನೇ ವಾರಕ್ಕೆ ಬಿಟ್ಟವನು.

ಕೊನೆಗೆ ಮೂಡುಬಿದಿರೆಯ ಕಾಲೇಜಿನ ಮಕ್ಕಳು ತಾವಾಗಿ ಬಂದು ಕರೆದರು. ಬೀದರಿನವರು, ಹಾಸನದವರು, ಎಲ್ಲೆಲ್ಲಿಯವರೋ. ಹೊಸ ವೇದಿಕೆ, ನುಣುಪು ಟೈಲ್ಸು. ಹಾಡಿಗೆ ಮೊದಲು ಬಾರಿಸಿ ನೋಡುವಾಗಲೇ ಇವನು ಎರಡು ಕಾಲಿನಲ್ಲಿ ತುಳಿಯುವ ರಭಸಕ್ಕೆ ದೊಡ್ಡ ಡ್ರಮ್ಮು ಮುಂದೆ ಮುಂದೆ ಜಾರತೊಡಗಿತು. "ಭಾವ, ಸ್ವಲ್ಪ ಹಿಡ್ಕೊಳ್ತೀರಾ?" ಎಂದ. ನಾನು, ಹೈಸ್ಕೂಲು ಹೆಡ್‌ಮಾಸ್ಟರು, ಇಸ್ತ್ರಿ ಹಾಕಿದ ಪಂಚೆಯಲ್ಲಿ ವೇದಿಕೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಡ್ರಮ್ಮನ್ನು ತಬ್ಬಿ ಹಿಡಿದೆ. ಅವನ ಸಲಕರಣೆಗಳಿಗೆ ಕೊನೆಯದಾಗಿ ಸೇರಿದ್ದು ನಾನೇ!

ಒಂದು ನಿಮಿಷ. ಎರಡು. ಮೂರು. ಫ್ಯೂಸ್ ಹೋಗಲಿಲ್ಲ, ಶಾಲು ಬರಲಿಲ್ಲ. ನಾಲ್ಕು. ನನ್ನ ಎದೆ ಡವಡವ ಎನ್ನುತ್ತಿತ್ತೋ, ಡ್ರಮ್ಮಿನದೇ ಪೆಟ್ಟೋ, ಗೊತ್ತಾಗಲಿಲ್ಲ. ಐದು. ಆರು. ಕೊನೆಯ ಪೆಟ್ಟು ಬಿತ್ತು. ಸಭಾಂಗಣ ಎದ್ದು ನಿಂತು ಕೂಗಿತು.

ಭಾವ ಕೋಲು ಹಿಡಿದುಕೊಂಡು ಹಾಗೇ ಕುಳಿತಿದ್ದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮಕ್ಕಳನ್ನು ನೋಡಿದ, ನನ್ನನ್ನು ನೋಡಿದ. ಮುಖದಲ್ಲಿ ಗಾಬರಿ. ಬಗ್ಗಿ ನನ್ನ ಕಿವಿಯ ಹತ್ತಿರ ಬಂದು ಕೇಳಿದ.

"ಭಾವ, ಮುಗಿಯಿತಲ್ಲ... ಇನ್ನೆಂತ ಮಾಡುದು?"

ಹಾಡು ಮುಗಿದ ಮೇಲೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ನಾವು ಯಾರೂ ಅವನನ್ನು ಅಲ್ಲಿಯ ತನಕ ಹೋಗಲು ಬಿಟ್ಟಿರಲಿಲ್ಲ.

"ಎದ್ದು ನಿಲ್ಲು ಮಾರಾಯ," ಎಂದೆ. "ಅವರು ಕೈ ತಟ್ಟುದು ನಿನಗೆ."