ನವಿಲಂಚು ಮತ್ತು ಹಳೇ ಕಂಪ್ಯೂಟರು

ತಮಿಳುನಾಡಿನ ಎಡಪ್ಪಾಡಿಯ ನೇಕಾರ ಗೋವಿಂದರಾಜುವಿಗೆ ತನ್ನ ಕಂಪ್ಯೂಟರಿನ ಮೇಲಿದ್ದ ದೂರು ಒಂದೇ: ಅದು ದಿನಾ ಬೆಳಗ್ಗೆ ಪರದೆಯ ಮೂಲೆಯಲ್ಲಿ ಅಪಶಕುನ ನುಡಿಯುತ್ತಿತ್ತು. ‘ಈ ವಿಂಡೋಸಿಗೆ ಇನ್ನು ಕಂಪನಿಯ ಸಪೋರ್ಟ್ ಇಲ್ಲ’ ಎಂಬ ಆ ಚೌಕವನ್ನು ವರ್ಷಗಟ್ಟಲೆ ಸಹಿಸಿದ ಮಹಾನುಭಾವ, ಕಳೆದ ಆಯುಧಪೂಜೆಯಂದು ಸರಿಯಾಗಿ ಆ ಮೂಲೆಗೇ ಚೌಡೇಶ್ವರಿಯ ಪುಟ್ಟ ಪಟ ಅಂಟಿಸಿ ಕರ್ಪೂರ ಬೆಳಗಿದ. ಎಚ್ಚರಿಕೆ ಕಣ್ಮರೆಯಾಯಿತು. (ಅಪಾಯ ಮಾತ್ರ ಪಟದ ಹಿಂದೆ ಆರಾಮಾಗಿ ಕೂತಿತ್ತು.)

“ಅಪ್ಪಾ, ಕಳ್ಳರು ದಿನಾ ಹೊಸ ತೂತು ಕಂಡುಹಿಡೀತಾರೆ. ಹಳೇ ಸಿಸ್ಟಮ್ಮಿಗೆ ಕಂಪನಿ ಅದನ್ನ ಮುಚ್ಚಿಕೊಡಲ್ಲ,” ಎಂದಳು ಮಗಳು ಮೇನಕಾ.

“ನಮ್ಮ ತಾತನ ಮಗ್ಗಕ್ಕೆ ಯಾವ ಕಂಪನಿ ಸಪೋರ್ಟ್ ಐತಮ್ಮ? ಓಡ್ತಾ ಇಲ್ವಾ?”

ಆ ಕಂಪ್ಯೂಟರಿನಲ್ಲೇ ಅವನ ಸರ್ವಸ್ವವಿತ್ತು, ಹನ್ನೊಂದು ವರ್ಷದ ಹಿಂದೆ ಸ್ವಂತ ಕೈಯಿಂದ ಬರೆದ ನವಿಲಂಚಿನ ಡಿಸೈನು. ಅದನ್ನು ನೋಡಿಯೇ ಮಗ್ಗದ ಮೇಲೆ ಅಂಚಿನ ಚಿತ್ರ ಮೂಡಿಸುವ ಜಕಾರ್ಡ್ ಯಂತ್ರಕ್ಕೆ ಅಟ್ಟೆಗಳಲ್ಲಿ, ಅಂದರೆ ರಟ್ಟಿನ ಪಟ್ಟಿಗಳಲ್ಲಿ, ತೂತು ಹೊಡೆಯಬೇಕು. ನಂಗವಳ್ಳಿಯಲ್ಲಿರುವ ಹೆಂಡತಿಯ ತಮ್ಮ ಚಿನ್ನರಾಜ್ ಅದರ ಮೇಲೆ ಕಣ್ಣು ಹಾಕಿದ್ದಾನೆಂದು ಅವನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅದೇ ಭಯದಿಂದ ಗೋವಿಂದರಾಜು ಒಂದು ಪೆನ್‌ಡ್ರೈವಿಗೂ ಕಾಪಿ ಹಾಕಿರಲಿಲ್ಲ.

ಈಗ ಮೇನಕಾಳ ಮದುವೆಗೆ ಹದಿನೆಂಟೇ ದಿನ. ಮುಹೂರ್ತದ ಸೀರೆಯನ್ನು ಹೆಣ್ಣಿನ ಅಪ್ಪ ತನ್ನ ಮಗ್ಗದಲ್ಲೇ ನೇಯುವುದು ಆ ಮನೆಯ ಪದ್ಧತಿ. ನೇಯಲು ಎರಡು ವಾರ ಬೇಕು. ಹಳೇ ಅಟ್ಟೆಗಳು ಹರಿದು ಚಿಂದಿಯಾಗಿದ್ದವು. ಹೊಸದು ಹೊಡೆಸಲೆಂದು ಕೂತವನು, ಮೇಲ್‌ನಲ್ಲಿ ಬಂದಿದ್ದ ‘ನೂಲಿನ ಹೊಸ ಬಣ್ಣಗಳು’ ಎಂಬ ಫೈಲನ್ನು ಒತ್ತಿದ. ಪರದೆ ಕೆಂಪಾಯಿತು. ಎಲ್ಲ ಫೈಲಿಗೂ ಬೀಗ ಬಿದ್ದಿದೆ, ಬೇಕಾದರೆ ದುಡ್ಡು ಕಳಿಸು ಎಂದು ಇಂಗ್ಲಿಷಿನಲ್ಲಿ ಬೆದರಿಕೆ ಪತ್ರ ಬಂತು.

ಸೇಲಂನ ಕಂಪ್ಯೂಟರ್ ಮೆಕ್ಯಾನಿಕ್ ಪ್ರಭುವಿಗೆ ಫೋನ್ ಮಾಡಿದ.

“ಬೀಗ ತೆಗೆಯಕ್ಕೆ ಆಗಲ್ಲಣ್ಣ. ದುಡ್ಡು ಕೊಟ್ರೂ ನಂಬಿಕೆ ಇಲ್ಲ. ಕಾಪಿ ಐತಾ?”

“ಇಲ್ಲ.”

“ಎಲ್ಲೂ ಒಂದೂ ಇಲ್ವಾ?”

ಗೋವಿಂದರಾಜು ಫೋನಿಟ್ಟು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ನೇಕಾರನ ಮಗಳು ಅಂಗಡಿ ಸೀರೆಯುಟ್ಟು ಮಂಟಪಕ್ಕೆ ಬರುವುದನ್ನು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು. ಮೇನಕಾ ಅಪ್ಪನ ಮುಖ ನೋಡಲಾರದೆ ಅಮ್ಮನನ್ನು ನೋಡಿದಳು. ಅವರೇಕಾಯಿ ಬಿಡಿಸುತ್ತಿದ್ದ ಭಾಗ್ಯಲಕ್ಷ್ಮಿ ತಲೆಯೆತ್ತದೆಯೇ ಅಂದಳು:

“ನಮ್ಮ ತಮ್ಮನತ್ರ ಐತೆ.”

“ಏನೈತೆ?”

“ನವಿಲಂಚು. ಮೂರು ವರ್ಷ ಆಯ್ತು. ಮೇನಕಾ ಪೆನ್‌ಡ್ರೈವ್‌ಗೆ ಆಕಿದ್ಲು, ನಾನು ತೌರಿಗೆ ಓದಾಗ ಕೊಟ್ಟೆ. ಮನೇಲೇ ಇಟ್ರೆ ನೀವು ಬಿಡ್ತಿದ್ರಾ?”

“ನನ್ನ ಮನೇಲೇ ಕಳ್ಳರು.”

“ಆಮೇಲೆ ಬೈರಿ. ಈಗ ಫೋನ್ ಮಾಡ್ರಿ.”

ಮರ್ಯಾದೆಯನ್ನು ಪಕ್ಕಕ್ಕಿಟ್ಟು ಗೋವಿಂದರಾಜು ಫೋನ್ ಮಾಡಿದ. ಆ ಕಡೆ ಚಿನ್ನರಾಜ್ ಮೂರು ವರ್ಷದ ಮಾತೇ ಎತ್ತಲಿಲ್ಲ.

“ಐತೆ ಭಾವ, ಭದ್ರವಾಗೈತೆ. ಒಂದು ಸೀರೆಗೂ ಆಕಿಲ್ಲ. ನಾಳೆ ಸಾಯಂಕಾಲ ಅಟ್ಟೆ ಹೊಡೆಸಿ ನಾನೇ ತರ್ತೀನಿ.” ಮತ್ತೆ ದನಿ ತಗ್ಗಿಸಿ, “ತಪ್ಪು ತಿಳಿಯಬೇಡಿ. ನಿಮ್ಮ ನವಿಲಿಗೆ ಕಾಲು ಒಂದೇ ಇತ್ತು. ಮಗಳ ಮುಹೂರ್ತದ ಸೀರೆ ಅಂತ ಇನ್ನೊಂದು ಸೇರಿಸಲಾ?”

ಗೋವಿಂದರಾಜು ಗೂಟದಲ್ಲಿ ನೇತಾಡುತ್ತಿದ್ದ ಹಳೇ ನವಿಲಂಚಿನ ಸೀರೆಯೊಂದರ ಅಂಚನ್ನು ಹಿಡಿದು ನೋಡಿದ. ಒಂದೇ ಕಾಲು. ಹನ್ನೊಂದು ವರ್ಷ ಯಾರ ಕೈಗೂ ಸಿಗದಂತೆ ಅವನು ಕಾಪಾಡಿಕೊಂಡು ಬಂದದ್ದು ಇದನ್ನು.

“ನಿನಗೆ ಗೊತ್ತಿತ್ತಾ?” ಎಂದು ಹೆಂಡತಿಯನ್ನು ಕೇಳಿದ.

“ಮೊದಲನೇ ಸೀರೇಲೇ ನೋಡ್ದೆ. ಅದನ್ನ ನಿಮಗೆ ಏಳಕ್ಕೆ ಬಂದ್ರೆ ‘ಪೋದುಂ, ಸಾಕು, ಸುಮ್ನಿರು’ ಅಂದ್ರಿ,” ಎಂದು ಭಾಗ್ಯಲಕ್ಷ್ಮಿ ಸಿಪ್ಪೆಗಳನ್ನು ಮೊರಕ್ಕೆ ಹಾಕಿದಳು. “ಅಲ್ಲಿಂದ ನಾನೂ ಸಪೋರ್ಟ್ ನಿಲ್ಲಿಸಿಬಿಟ್ಟೆ.”