ಗೊಬ್ಬರದ ಗುಂಡಿಗೆ ನಾನು ಹಾಕಿದ ಗಾಜು

ಕಸವನ್ನು ಹೊರಗೆ ಹಾಕುವುದು ಸುಲಭದ ಕೆಲಸವೆಂದು ತಿಳಿದವರು ಪೇಟೆಯವರು. ಅವರಿಗೆ ‘ಹೊರಗೆ’ ಎಂಬ ಒಂದು ಜಾಗವಿದೆ. ಹಳ್ಳಿಯಲ್ಲಿ ಬದುಕು ಮಾಡುವವರಿಗೆ ಅಂಥ ಜಾಗವೇ ಇಲ್ಲ. ನಾವು ಎಸೆದದ್ದೆಲ್ಲ ನಮ್ಮದೇ ನೆಲದಲ್ಲಿ ಬೀಳುತ್ತದೆ, ನಾವೇ ಅದರ ಮೇಲೆ ನಡೆಯಬೇಕಾಗುತ್ತದೆ. ನಾನು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವಳಾದರೂ ಕಸದ ವಿಷಯದಲ್ಲಿ ಯಾರಿಗೆ ಬೇಕಾದರೂ ಪಾಠ ಹೇಳಬಲ್ಲೆ. ಆ ಯೋಗ್ಯತೆ ಹೇಗೆ ಬಂತೆಂದರೆ, ಕಸವನ್ನು ತಪ್ಪಾದ ಜಾಗಕ್ಕೆ ಹಾಕಿ ನನ್ನ ಸ್ವಂತ ಅಣ್ಣನಿಗೆ ಕೂಡಿಬರುತ್ತಿದ್ದ ಸಂಬಂಧವನ್ನು ತಪ್ಪಿಸಿದವಳು ನಾನು.

ನಮ್ಮ ತವರುಮನೆಯಲ್ಲಿ ಅವ್ವನ ಲೆಕ್ಕದ ಪ್ರಕಾರ ಕಸ ಎಂಬುದೇ ಇರಲಿಲ್ಲ. ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ, ಅಕ್ಕಿ ತೊಳೆದ ನೀರು ದನಕ್ಕೆ, ತೆಂಗಿನ ಸಿಪ್ಪೆ ಬಚ್ಚಲ ಒಲೆಗೆ. ಉಳಿದದ್ದೆಲ್ಲ, ಅಂದರೆ ಹಲಸಿನ ಸಿಪ್ಪೆಯ ರಚ್ಚೆ, ಬಾಳೆಲೆ, ಅಂಗಳ ಗುಡಿಸಿದ್ದು, ಸವೆದ ಹಿಡಿಸೂಡಿ ಪೊರಕೆ, ದನದ ಹಟ್ಟಿಯ ಪಕ್ಕದ ಗೊಬ್ಬರದ ಗುಂಡಿಗೆ. ಮಳೆಗಾಲವಿಡೀ ಅದು ಕೊಳೆತು, ಬೇಸಿಗೆ ಮುಗಿಯುವ ಹೊತ್ತಿಗೆ ಕಪ್ಪಗೆ ಪುಡಿಪುಡಿಯಾಗಿ ಗದ್ದೆಗೆ ಹೋಗುತ್ತಿತ್ತು. ಬೇರೆ ಮನೆಯ ಹೆಂಗಸರು ತಮ್ಮ ಬಳೆ ತೋರಿಸುವ ಹಾಗೆ ಅವ್ವ ಬಂದವರಿಗೆ ತನ್ನ ಗೊಬ್ಬರ ತೋರಿಸುತ್ತಿದ್ದಳು. ಆ ಗುಂಡಿಗೆ ಹಾಕಬಾರದ್ದು ಒಂದೇ: ಗಾಜು, ಪಿಂಗಾಣಿ, ತಗಡಿನಂಥ ಕೊಳೆಯದ ಸಾಮಾನು. ಅದಕ್ಕೆ ಗುಡ್ಡದ ಬದಿಯಲ್ಲಿ, ಹುತ್ತದ ಆಚೆ, ಒಂದು ಬೇರೆ ಹೊಂಡವಿತ್ತು. ಗೊಬ್ಬರ ತೆಗೆಯುವವರು, ಹೊರುವವರು, ಗದ್ದೆಯಲ್ಲಿ ಅದನ್ನು ತುಳಿಯುವವರು ಎಲ್ಲರೂ ಬರಿಗಾಲಿನವರು. ಇದನ್ನು ನನಗೆ ಅವ್ವ ನೂರು ಸಲ ಹೇಳಿದ್ದಳು. ಒಡೆದ ಸಾಮಾನನ್ನು ಆ ಹೊಂಡಕ್ಕೆ ಮುಟ್ಟಿಸುವುದು ನನ್ನ ಕೆಲಸ.

ಒಂದು ಮಳೆಗಾಲ ಲಾಟೀನಿನ ಗಾಜು ಒಡೆಯಿತು. ಬೆಕ್ಕು ಒಡೆದದ್ದು, ಅಷ್ಟರ ಮಟ್ಟಿಗೆ ನಾನು ನಿರ್ದೋಷಿ. ಚೂರುಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಹೊರಟೆ. ಇನ್ನೊಂದು ಕೈಯಲ್ಲಿ ಹಲಸಿನ ರಚ್ಚೆಯ ಬುಟ್ಟಿ. ಮಳೆ ಹೊಯ್ಯುತ್ತಿತ್ತು, ಗುಡ್ಡದ ದಾರಿಯಲ್ಲಿ ಜಿಗಣೆ. ಗೊಬ್ಬರದ ಗುಂಡಿ ಹತ್ತು ಹೆಜ್ಜೆಯಲ್ಲಿತ್ತು. ಬಾಳೆಲೆಯ ಕಟ್ಟನ್ನು ಅಲ್ಲಿ ಹಾಕಿ, ಮೇಲಿಂದ ರಚ್ಚೆ ಸುರಿದೆ. ಮಳೆ ಬಿಟ್ಟ ಮೇಲೆ ತೆಗೆದರಾಯಿತು ಅಂದುಕೊಂಡೆ. ನಮ್ಮ ಕಡೆ ಮಳೆ ಬಿಡಲು ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ನನ್ನ ನೆನಪೂ ಆ ರಚ್ಚೆಯ ಜೊತೆಗೆ ಕೊಳೆತುಹೋಗಿತ್ತು.

ಅಣ್ಣನಿಗೆ ಆಗ ಇಪ್ಪತ್ತನಾಲ್ಕು. ಒಂದು ಮದುವೆಮನೆಯಲ್ಲಿ ಪಾಯಸ ಬಡಿಸುತ್ತಿದ್ದ ಆಲೆಟ್ಟಿ ಊರಿನ ಹುಡುಗಿಯನ್ನು ನೋಡಿ, ಬೇಡ ಬೇಡವೆನ್ನದೆ ಐದು ಸಲ ಪಾಯಸ ಹಾಕಿಸಿಕೊಂಡವನು. ಮಾರನೆಯ ವಾರವೇ ಸುಳ್ಯಕ್ಕೆ ನಡೆದು ಹೋಗಿ ಒಂದು ಕುಪ್ಪಿ ವಾಸನೆಯ ತಲೆಎಣ್ಣೆ ತಂದ. ಅವನು ಹಟ್ಟಿಗೆ ಹೋದರೆ ದನಗಳು ತಲೆ ಎತ್ತಿ ಮೂಸುತ್ತಿದ್ದವು. ಕೊನೆಗೆ ಅವ್ವನೇ ಕೇಳಿಸಿ, ಜಾತಕ ಹೊಂದಿ, ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬರುವ ದಿನ ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಮೊದಲು ಗೊಬ್ಬರ ತೆಗೆಯಲು ಇಳಿದ ಅಣ್ಣ ‘ಅವ್ವಾ’ ಎಂದು ಕೂತುಬಿಟ್ಟ. ಅಂಗಾಲಿನಿಂದ ಅವ್ವ ಒಂದು ಚೂರು ಕಿತ್ತು ತೆಗೆದಳು. ತೆಳ್ಳಗಿನ, ಬಾಗಿದ ಗಾಜು. ನನಗೆ ನೋಡಿದೊಡನೆ ಗುರುತು ಸಿಕ್ಕಿತು. ಅವ್ವನಿಗೆ ಸಿಗಲಿಲ್ಲ, ಅವಳ ಮನಸ್ಸು ಆಗಲೇ ಬೇರೆ ಕಡೆ ಹೋಗಿತ್ತು.

“ಆ ಸೆಂಟಿನ ಎಣ್ಣೆ ಕುಪ್ಪಿ ಎಲ್ಲಿ ಬಿಸಾಡಿದ್ದಿ?” ಎಂದು ಕೇಳಿದಳು.

ಅಣ್ಣ ನೋವಿನಲ್ಲೇ ಯೋಚಿಸಿದ. “ನೆನಪಿಲ್ಲ ಅವ್ವಾ. ಹಟ್ಟಿ ಹಿಂದೆಯೋ ಎಂತದೋ.”

“ಈಗ ನೆನಪಾಯ್ತಲ್ಲ, ಕಾಲಿಗೆ!”

ಅಣ್ಣ ತಲೆ ತಗ್ಗಿಸಿದ. ತಪ್ಪು ತನ್ನದೇ ಎಂದು ಅವನು ನಂಬಿದ್ದು ನನ್ನ ಕಣ್ಣೆದುರಿಗೇ. ನಾನು ಬಾಯಿ ಬಿಡಬೇಕಾದ ಹೊತ್ತು ಅದು. ಅರಸಿನ ಅರೆದು ತಂದುಕೊಟ್ಟೆ, ಅಷ್ಟೇ.

ಆಲೆಟ್ಟಿಯವರು ಬಂದರು. ಹುಡುಗಿಯ ಇಬ್ಬರು ಮಾವಂದಿರು ಚಾವಡಿಯಲ್ಲಿ ಕೂತು ಬೆಲ್ಲ ನೀರು ಕುಡಿದರು. ಅವರ ಜೊತೆ ಬಂದ ಹುಡುಗಿಯ ಅಜ್ಜಿ ಮಾತ್ರ ಕೂರಲೇ ಇಲ್ಲ, ನೇರ ಹಟ್ಟಿಯ ಕಡೆಗೆ ನಡೆದರು. ಗುಂಡಿಯ ಗೊಬ್ಬರವನ್ನು ಕೈಯಲ್ಲಿ ಹಿಡಿದು, ಹಿಚುಕಿ, ಮೂಗಿನ ಹತ್ತಿರ ತಂದು, “ಒಳ್ಳೆ ಗೊಬ್ಬರ ಉಂಟು” ಅಂದರು. ಅವ್ವನ ಮುಖ ಅರಳಿತು. ಮದುವೆ ಆಗಿಯೇಹೋಯಿತೆಂದು ನಾನೂ ತಿಳಿದೆ. ಆಗ ಅಣ್ಣ ಕುಂಟುತ್ತ ಬಂದ.

“ಕಾಲಿಗೆ ಎಂತ ಆಯ್ತು ಮಗಾ?”

ಮುಳ್ಳು ಅನ್ನಬಹುದಿತ್ತು. ನನ್ನ ಅಣ್ಣ ಸುಳ್ಳು ಹೇಳಲು ಬಾರದವನು. ನಮ್ಮ ಮನೆಯ ಪಾಲಿನ ಸುಳ್ಳನ್ನೆಲ್ಲ ನಾನೇ ಕಲಿತಿದ್ದೆ. “ಗೊಬ್ಬರದಲ್ಲಿ ಗಾಜು ತಾಗಿತು ಅಜ್ಜಿ” ಅಂದ.

ಅಜ್ಜಿ ಕೈಯಲ್ಲಿದ್ದ ಗೊಬ್ಬರವನ್ನು ಮೆಲ್ಲಗೆ ಕೆಳಗೆ ಬಿಟ್ಟರು. ಅಂಗೈ ತಿರುಗಿಸಿ ನೋಡಿಕೊಂಡರು. ಊಟ ಮಾಡಿದರು, ನಗುನಗುತ್ತಲೇ ಹೋದರು. ಎಂಟನೆಯ ದಿನ ಮಾತು ಬಂತು: “ಹುಡುಗ ಒಳ್ಳೆಯವ, ಕಾಲು ಗುಣ ಆಗ್ತದೆ. ಆದರೆ ಗೊಬ್ಬರಕ್ಕೆ ಗಾಜು ಹಾಕುವ ಮನೆಯಲ್ಲಿ ನಮ್ಮ ಹುಡುಗಿ ಬುಟ್ಟಿ ಹೊರುದು ಬೇಡ.”

ಆಗಲೂ ಒಂದು ದಾರಿಯಿತ್ತು. ಹಾಕಿದವಳು ನಾನು, ನಾನು ಹೇಗೂ ಮದುವೆಯಾಗಿ ಹೋಗುವವಳು, ಇನ್ನು ಆ ಮನೆಯ ಗೊಬ್ಬರಕ್ಕೆ ಭಯವಿಲ್ಲ ಎಂದು ಹೇಳಿಕಳಿಸಿದ್ದರೆ ಅಜ್ಜಿ ಒಪ್ಪುತ್ತಿದ್ದರೋ ಏನೋ. ಆದರೆ ಅದೇ ತಿಂಗಳು ಅಜ್ಜಾವರದಿಂದ ನನ್ನನ್ನು ಕೇಳಿಕೊಂಡು ಬಂದಿದ್ದರು. ಗೊಬ್ಬರಕ್ಕೆ ಗಾಜು ಹಾಕುವ ಹುಡುಗಿಯನ್ನು ಯಾರು ಕೊಂಡುಹೋಗುತ್ತಾರೆ? ನಾನು ಬಾಯಿ ಮುಚ್ಚಿಕೊಂಡೇ ಧಾರೆಗೆ ಕೂತೆ. ನನ್ನ ಮದುವೆಯ ಚಪ್ಪರ ಹಾಕಿದವನು ಅಣ್ಣ, ಇನ್ನೂ ಸ್ವಲ್ಪ ಕುಂಟುತ್ತ. ಆಲೆಟ್ಟಿಯ ಹುಡುಗಿಯನ್ನು ಬೇರೆ ಮನೆಗೆ ಕೊಟ್ಟರು. ಅಣ್ಣನಿಗೆ ಎರಡು ವರ್ಷ ಕಳೆದು ಮದುವೆಯಾಯಿತು. ಅತ್ತಿಗೆ ಒಳ್ಳೆಯವಳು. ಆದರೂ ಅವನು ಯಾವ ಮದುವೆಮನೆಯಲ್ಲಿಯೂ ಪಾಯಸ ಎರಡನೆಯ ಸಲ ಹಾಕಿಸಿಕೊಂಡದ್ದನ್ನು ನಾನು ನೋಡಿಲ್ಲ.

ಗಂಡನ ಮನೆಯಲ್ಲಿ ನಾನು ಗಾಜಿನ ವಿಷಯದಲ್ಲಿ ಹುಲಿ. ಒಡೆದ ಬಳೆಯ ಚೂರುಗಳನ್ನೂ ಜೋಡಿಸಿ ನೋಡಿ, ಪೂರ್ತಿ ಸಿಕ್ಕಿತೆಂದು ಖಾತ್ರಿಯಾದ ಮೇಲೇ ಹೂಳುತ್ತೇನೆ. ಹೋದ ವರ್ಷ ಅಣ್ಣ ಬಂದಿದ್ದಾಗ, ಅವ್ವನಿಂದ ಎಣ್ಣೆ ಕುಪ್ಪಿಯ ಕಥೆ ಕೇಳಿದ್ದ ನಮ್ಮ ಅತ್ತೆ ಅವನೆದುರಿಗೇ, “ಇವಳು ನಿಮ್ಮ ಹಾಗಲ್ಲ ಮಾರಾಯ್ರೆ, ಭಾರೀ ಜಾಗ್ರತೆ” ಅಂದರು. ಅಣ್ಣ ನಕ್ಕು ಕಾಫಿ ಕುಡಿದ. ನನಗೆ ತಡೆಯಲಾಗಲಿಲ್ಲ. ಅವನನ್ನು ಕಳಿಸಲು ಗದ್ದೆಯ ಬದುವಿನ, ಆ ಹುಣಿಯ ತನಕ ಹೋದವಳು ಎಲ್ಲವನ್ನೂ ಹೇಳಿಬಿಟ್ಟೆ.

ಅವನು ತಲೆಗೂದಲ ಮೇಲೆ ಕೈಯಾಡಿಸಿಕೊಂಡ. “ಹಾಗಾದರೆ ನನ್ನ ಎಣ್ಣೆ ಕುಪ್ಪಿ ಅಲ್ಲವಾ ಅದು?”

“ಅಲ್ಲಣ್ಣ.”

“ಹತ್ತು ವರ್ಷ ತಲೆಗೆ ಬರೀ ತೆಂಗಿನೆಣ್ಣೆ ಹಾಕಿದೆನಲ್ಲ ಮಾರಾಯ್ತಿ!” ಸ್ವಲ್ಪ ದೂರ ಹೋಗಿ ತಿರುಗಿ ನಿಂತ. ಈಗ ನಗುತ್ತಿರಲಿಲ್ಲ. “ನನಗೆ ಹೇಳಿ ಎಂತ ಪ್ರಯೋಜನ? ಅವ್ವನಿಗೆ ಹೇಳು. ಅವಳು ಸಾಯುವ ಮೊದಲು ಒಮ್ಮೆ ನಾನು ಒಳ್ಳೆಯವ ಆಗಬೇಕು.”

ಅದಕ್ಕೆಂದೇ ತವರಿಗೆ ಹೋದೆ. ಅವ್ವ ಆಚೆಮನೆಯ ಹೆಂಗಸಿಗೆ ಗೊಬ್ಬರ ತೋರಿಸುತ್ತಿದ್ದಳು. “ಇವನ ಎಣ್ಣೆ ಕುಪ್ಪಿಯಿಂದ ಆಲೆಟ್ಟಿಯ ಸಂಬಂಧ ಹೋಯ್ತು ನೋಡಿ. ಇವಳ ಕೈಯಲ್ಲಿ ಹಾಗೆಲ್ಲ ಆಗುದೇ ಇಲ್ಲ. ಅಲ್ಲವಾ ಮಗಳೇ?” ಎಂದು ನನ್ನ ತಲೆ ಸವರಿದಳು. ಅಣ್ಣ ಹಾರೆ ಊರಿಕೊಂಡು ನನ್ನನ್ನೇ ನೋಡುತ್ತಿದ್ದ.

“ಹೌದವ್ವಾ. ಅಣ್ಣ ಸಣ್ಣವನಿರುವಾಗಲೂ ಹಾಗೆಯೇ” ಅಂದೆ.

ಅಣ್ಣ ಗೊಬ್ಬರ ತೆಗೆಯಲು ಇಳಿದ. ಆದ್ದರಿಂದ ಇದನ್ನು ಬರೆದಿದ್ದೇನೆ. ಅವ್ವನಿಗೆ ಓದಲು ಬಾರದು, ಅಣ್ಣನಿಗೆ ಬರುತ್ತದೆ. ಅವನು ಅವ್ವನ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಲಿ. ನನ್ನದೇನೂ ಅಡ್ಡಿಯಿಲ್ಲ. ಯಾವ ದಿನ ಓದುತ್ತಾನೆಂದು ಮೊದಲೇ ತಿಳಿಸಿದರೆ ಸಾಕು, ಆ ವಾರ ನಾನು ತವರಿಗೆ ಹೋಗುವುದಿಲ್ಲ.